ಮರಳಿನ ದಾರಿಯಲ್ಲಿ ಸೈಕಲ್: ಮಾಸ್ ಹೊಳೆಯ ದಿಬ್ಬಗಳಿಂದ ನಮಗೊಂದು ಪಾಠ



ಈ ಸಲದ ಗೋಡೆಪತ್ರಿಕೆಗೆ ವಿಜ್ಞಾನ ಮತ್ತು ಭೂಗೋಳ ಎರಡನ್ನೂ ಸೇರಿಸಿ ಬರೆಯಬೇಕೆಂದು ಮೇಷ್ಟ್ರು ಹೇಳಿದ್ದರು. ನಮ್ಮಲ್ಲಿ ಸುಮಾರು ಜನ ಸೈಕಲ್‌ನಲ್ಲೇ ಶಾಲೆಗೆ ಬರುತ್ತೇವೆ, ಅದೂ ಹೊಳೆ ಪಕ್ಕದ ಮರಳು ದಾರಿಯಲ್ಲಿ. ಆದ್ದರಿಂದ ನಾನು ಆರಿಸಿಕೊಂಡ ವಿಷಯ ಮರಳಿನಲ್ಲಿ ಸೈಕಲ್ ತುಳಿಯುವುದು. ಇದಕ್ಕೆ ಉದಾಹರಣೆಯಾಗಿ ನೆದರ್ಲೆಂಡ್ಸ್ ದೇಶದ ಒಂದು ಜಾಗವನ್ನು ತೆಗೆದುಕೊಂಡಿದ್ದೇನೆ. ಆ ಊರನ್ನು ನಾನು ಕಣ್ಣಾರೆ ನೋಡಿಲ್ಲ, ಓದಿ ತಿಳಿದುಕೊಂಡಿದ್ದೇನೆ. ಮರಳು ಮಾತ್ರ ನನಗೆ ಚೆನ್ನಾಗಿ ಗೊತ್ತು.

1. ಜಲ್ಲಿದಾರಿ ಸೈಕಲ್ ಎಂದರೇನು?

ಟಾರು ರಸ್ತೆಯಲ್ಲಿ ರೇಸು ಬಿಡುವ ಸೈಕಲ್ಲಿನ ಟೈರು ಬಹಳ ಸಣ್ಣ, 25ರಿಂದ 28 ಮಿಲಿಮೀಟರ್ ಅಗಲ. ಅದು ಮಣ್ಣು, ಜಲ್ಲಿ, ಮರಳಿಗೆ ಆಗಲ್ಲ. ಅದಕ್ಕೇ ಗ್ರಾವೆಲ್ ಬೈಕ್ ಎಂಬ ಇನ್ನೊಂದು ಜಾತಿ ಸೈಕಲ್ ಬಂದಿದೆ. ಅದರ ಹ್ಯಾಂಡಲ್ ರೇಸಿನ ಸೈಕಲ್ಲಿನ ಹಾಗೆ ಕೆಳಕ್ಕೆ ಬಾಗಿರುತ್ತದೆ, ಟೈರು ಮಾತ್ರ 35ರಿಂದ 50 ಮಿಲಿಮೀಟರ್ ಅಗಲ. ಕಾಡುದಾರಿ, ಗಾಡಿಜಾಡು, ಹೊಲದ ಬದಿ, ಎಲ್ಲಾ ಕಡೆ ಹೋಗುತ್ತದೆ. ಇದಕ್ಕೆ ಈಗ ವಿಶ್ವ ಚಾಂಪಿಯನ್‌ಷಿಪ್ ಕೂಡ ಇದೆ. ಮೊದಲನೆಯದು 2022ರಲ್ಲಿ ಇಟಲಿಯಲ್ಲಿ ನಡೆಯಿತು. 2024ರಲ್ಲಿ ಬೆಲ್ಜಿಯಂನಲ್ಲಿ ನಡೆದಾಗ ಗಂಡಸರಲ್ಲಿ ಮ್ಯಾಥ್ಯೂ ವಾನ್ ಡರ್ ಪೂಲ್, ಹೆಂಗಸರಲ್ಲಿ ಮರಿಯಾನಾ ವೋಸ್ ಗೆದ್ದರು. ಇಬ್ಬರೂ ನೆದರ್ಲೆಂಡ್ಸಿನವರೇ.

ಈಗ ಒಂದು ತಮಾಷೆ ಕೇಳಿ. ನಮ್ಮ ತಾತಂದಿರ ಕಾಲದ ದೊಡ್ಡ ಸೈಕಲ್ಲಿನ ಟೈರಿನ ಮೇಲೆ 28 × 1½ ಎಂದು ಬರೆದಿರುತ್ತದೆ. 1½ ಅಂಗುಲ ಎಂದರೆ 38 ಮಿಲಿಮೀಟರ್. ಅಂದರೆ ಹಾಲಿನ ಕ್ಯಾನು, ಹುಲ್ಲಿನ ಹೊರೆ ಹೊತ್ತು ಓಡಾಡಿದ ಆ ಸೈಕಲ್ಲು ಟೈರಿನ ಲೆಕ್ಕದಲ್ಲಿ ಜಲ್ಲಿದಾರಿ ಸೈಕಲ್ಲೇ!

2. ಮಾಸ್ ಹೊಳೆಯ ಮರಳುದಿಬ್ಬಗಳು

ಮಾಸ್ ನದಿ ಫ್ರಾನ್ಸ್‌ನಲ್ಲಿ ಹುಟ್ಟಿ, ಬೆಲ್ಜಿಯಂ ದಾಟಿ ನೆದರ್ಲೆಂಡ್ಸಿಗೆ ಬರುತ್ತದೆ. ಅಲ್ಲಿ ಲಿಂಬರ್ಗ್ ಎಂಬ ಪ್ರಾಂತ್ಯದ ಉತ್ತರ ಭಾಗದಲ್ಲಿ, ಹೊಳೆಗೂ ಜರ್ಮನಿಯ ಗಡಿಗೂ ನಡುವೆ ಒಂದು ಉದ್ದನೆ ಪಟ್ಟಿಯಂತೆ ಮಾಸ್‌ಡೌನನ್ ರಾಷ್ಟ್ರೀಯ ಉದ್ಯಾನವಿದೆ. ಆ ಹೆಸರಿನ ಅರ್ಥ 'ಮಾಸ್ ಹೊಳೆಯ ಮರಳುದಿಬ್ಬಗಳು'. ವಿಸ್ತೀರ್ಣ ಸುಮಾರು 4,500 ಹೆಕ್ಟೇರ್, ಅಂದರೆ ಸುಮಾರು 11,000 ಎಕರೆ.

ಸಮುದ್ರದ ಹತ್ತಿರ ಮರಳುದಿಬ್ಬ ಇರುವುದು ಎಲ್ಲರಿಗೂ ಗೊತ್ತು. ಇಲ್ಲಿ ಹೊಳೆ ಪಕ್ಕದಲ್ಲಿ ಹೇಗೆ ಬಂತು? ಸುಮಾರು 12,000 ವರ್ಷಗಳ ಹಿಂದೆ, ಹಿಮಯುಗ ಮುಗಿಯುವ ಹೊತ್ತಿನಲ್ಲಿ, ಅಲ್ಲಿ ಚಳಿ ಬಹಳ, ಗಿಡಮರ ಕಡಿಮೆ. ಹೊಳೆ ಹಲವು ಕವಲಾಗಿ ಹರಿಯುತ್ತಿತ್ತು. ನೀರು ಇಳಿದಾಗ ಪಾತ್ರದ ಮರಳೆಲ್ಲ ಒಣಗಿ ಬಯಲಾಗುತ್ತಿತ್ತು. ಪಶ್ಚಿಮದ ಕಡೆಯಿಂದ ಬೀಸುವ ಗಾಳಿ ಅದನ್ನು ಹೊತ್ತು ಪೂರ್ವದಂಡೆಗೆ ಸುರಿಯಿತು. ಗಾಳಿ ಒಳ್ಳೆ ಜರಡಿ ಕಣ್ರೋ! ದಪ್ಪ ಜಲ್ಲಿಯನ್ನು ಎತ್ತಲಾರದೆ ಬಿಡುತ್ತದೆ, ನುಣ್ಣನೆ ಧೂಳನ್ನು ದೂರ ಒಯ್ಯುತ್ತದೆ, ನಡುವಿನ ಒಂದೇ ಗಾತ್ರದ ಮರಳನ್ನು ಹತ್ತಿರದಲ್ಲೇ ಗುಡ್ಡೆ ಹಾಕುತ್ತದೆ. ಒಂದೇ ಗಾತ್ರದ ಕಾಳುಗಳು ಒಂದಕ್ಕೊಂದು ಕಚ್ಚಿಕೊಳ್ಳದೆ ಜಾರುತ್ತವೆ. ದಿಬ್ಬದ ಮರಳಿನಲ್ಲಿ ಚಕ್ರ ಹೂತುಹೋಗುವುದು ಇದಕ್ಕೇ.

3. ಕಾಡು, ಕುರುಚಲು ಬಯಲು

ಈ ದಿಬ್ಬಗಳ ಮೇಲೆ ಸೈಕಲ್ ಬಿಡುವವರಿಗೆ ಒಂದೇ ದಿನದಲ್ಲಿ ಮೂರು ತರಹದ ನೆಲ ಸಿಗುತ್ತದೆ: ಪೈನ್ ಮರದ ಕಾಡು, ಹೆದರ್ ಎಂಬ ಕುಳ್ಳ ಗಿಡದ ಬಯಲು, ಮತ್ತು ಬರೀ ಮರಳು. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಹೆದರ್ ಹೂ ಬಿಟ್ಟು ಬಯಲೆಲ್ಲ ನೇರಳೆ ಬಣ್ಣವಾಗುತ್ತದೆ.

ಈ ಬಯಲು ತಾನಾಗಿ ಆದದ್ದಲ್ಲ, ರೈತರು ಮಾಡಿದ್ದು. ಹಿಂದೆ ಅಲ್ಲಿಯವರು ಕಾಡು ಕಡಿದು ಕುರಿ ಮೇಯಿಸುತ್ತಿದ್ದರು. ಹೆದರ್ ಗಿಡವನ್ನು ಬೇರು ಮಣ್ಣಿನ ಸಮೇತ ಹೆಕ್ಕಿ ತಂದು ಕುರಿಕೊಟ್ಟಿಗೆಯಲ್ಲಿ ಹಾಸುತ್ತಿದ್ದರು. ಅದು ಹಿಕ್ಕೆಯ ಜೊತೆ ಕೊಳೆತು ಗೊಬ್ಬರವಾಗಿ ಹೊಲಕ್ಕೆ ಹೋಗುತ್ತಿತ್ತು. ನಮ್ಮ ಮಲೆನಾಡಿನವರು ಕೊಟ್ಟಿಗೆಗೆ ಸೊಪ್ಪು ಹಾಸುವ ಹಾಗೆಯೇ. ಆದರೆ ಮಿತಿ ಮೀರಿ ಹೆಕ್ಕಿದ ಕಡೆ ನೆಲದ ಹೊದಿಕೆಯೇ ಹೋಯಿತು. ಸಾವಿರಾರು ವರ್ಷ ಸುಮ್ಮನೆ ಮಲಗಿದ್ದ ಮರಳು ಮತ್ತೆ ಎದ್ದು ಹೊಲಗಳ ಮೇಲೆ ನಡೆಯಿತು.

ಅದನ್ನು ಹಿಡಿದು ನಿಲ್ಲಿಸಲು ಪೈನ್ ಮರ ನೆಟ್ಟರು. ಅಂಗಡಿ ಗೊಬ್ಬರ ಬಂದ ಮೇಲೆ ಬಯಲಿನ ಅಗತ್ಯ ತಪ್ಪಿತು, ನೆಡುವುದು ಇನ್ನೂ ಹೆಚ್ಚಾಯಿತು. ಆ ಮರಗಳು ದಕ್ಷಿಣ ಲಿಂಬರ್ಗಿನ ಕಲ್ಲಿದ್ದಲು ಗಣಿಗಳಿಗೆ ಊರುಗಂಬವಾಗಿ ಹೋದವು. ಅಲ್ಲಿಯ ಕೊನೆಯ ಗಣಿ 1974ರಲ್ಲಿ ಮುಚ್ಚಿತು.

ಈಗ ಬಯಲಿಗೆ ಬೇರೆ ಕಷ್ಟ ಬಂದಿದೆ. ದನದ ದೊಡ್ಡ ದೊಡ್ಡ ಫಾರಂಗಳಿಂದ ಏಳುವ ಅಮೋನಿಯ ಮತ್ತು ವಾಹನದ ಹೊಗೆಯಿಂದ ಸಾರಜನಕ ಗಾಳಿಯಲ್ಲಿ, ಮಳೆಯಲ್ಲಿ ಬಂದು ನೆಲಕ್ಕೆ ಬೀಳುತ್ತದೆ. ಆಗ ಹುಲ್ಲು ಸೊಂಪಾಗಿ ಬೆಳೆದು ಹೆದರ್ ಗಿಡವನ್ನು ಮುಚ್ಚಿಬಿಡುತ್ತದೆ. ಗೊಬ್ಬರ ಹೆಚ್ಚಾದರೂ ಒಂದು ಗಿಡ ಸಾಯಬಹುದು ಎಂಬುದು ನನಗೆ ಹೊಸ ವಿಷಯ. ಹೀಗಾಗಿ ಈಗ ಬಯಲು ಉಳಿಸಲೆಂದೇ ಕುರಿಹಿಂಡು ಬಿಡುತ್ತಾರೆ.

4. ಮರಳಿನಲ್ಲಿ ಹೋಗುವ ವಿಧಾನ

ಒತ್ತಡ = ಬಲ ÷ ವಿಸ್ತೀರ್ಣ. ಇದನ್ನು ನಾವು ವಿಜ್ಞಾನದಲ್ಲಿ ಓದಿದ್ದೇವೆ. ನನ್ನ ತೂಕ 40 ಕೆ.ಜಿ., ಸೈಕಲ್ 20 ಕೆ.ಜಿ., ಒಟ್ಟು 60. ಟೈರಿನಲ್ಲಿ 60 ಪೌಂಡ್ ಗಾಳಿ ಇದ್ದರೆ, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 4.2 ಕೆ.ಜಿ., ಎರಡೂ ಚಕ್ರ ಸೇರಿ ಸುಮಾರು 14 ಚದರ ಸೆಂ.ಮೀ. ಮಾತ್ರ ನೆಲ ಮುಟ್ಟುತ್ತದೆ. 30 ಪೌಂಡಿಗೆ ಇಳಿಸಿದರೆ 28 ಚದರ ಸೆಂ.ಮೀ. ಮುಟ್ಟುತ್ತದೆ. ಭಾರ ಅಷ್ಟೇ, ಜಾಗ ಎರಡು ಪಟ್ಟು. ಆದ್ದರಿಂದ ಚಕ್ರ ಕಡಿಮೆ ಹೂಳುತ್ತದೆ. ಹಾಗಂತ ನಮ್ಮ ಟ್ಯೂಬಿನ ಗಾಳಿ ತೀರಾ ಇಳಿಸಬಾರದು. ಕಲ್ಲು ಸಿಕ್ಕರೆ ರಿಮ್ಮು ಟ್ಯೂಬನ್ನು ಕಚ್ಚಿ ಪಂಕ್ಚರ್ ಆಗುತ್ತದೆ.

ಇನ್ನು ಕೆಲವು ಮಾತು:
• ಮರಳು ಬರುವ ಮುಂಚೆಯೇ ಸ್ವಲ್ಪ ಜೋರಾಗಿ ತುಳಿದುಕೊಂಡು ಬನ್ನಿ. ನಡುವೆ ತುಳಿಯುವುದನ್ನು ನಿಲ್ಲಿಸಬೇಡಿ.
• ಸೀಟಿನಲ್ಲಿ ಹಿಂದಕ್ಕೆ ಕೂರಿ. ಮುಂದಿನ ಚಕ್ರ ಹಗುರವಾದರೆ ಹೂಳಲ್ಲ.
• ಹ್ಯಾಂಡಲ್ ಬಿಗಿಯಾಗಿ ಹಿಡಿಯಬೇಡಿ, ತಟಕ್ಕನೆ ತಿರುಗಿಸಬೇಡಿ, ಮುಂದಿನ ಬ್ರೇಕ್ ಒತ್ತಬೇಡಿ.
• ಮಳೆ ಬಂದ ಮಾರನೆ ದಿನ ದಾರಿ ಗಟ್ಟಿ ಇರುತ್ತದೆ. ಕಾಳುಗಳ ನಡುವಿನ ತೆಳ್ಳನೆ ನೀರು ಅವನ್ನು ಹಿಡಿದುಕೊಂಡಿರುತ್ತದೆ.
• ಆಗದಿದ್ದರೆ ಇಳಿದು ತಳ್ಳಿ. ಅದರಲ್ಲೇನೂ ಅವಮಾನವಿಲ್ಲ, ಅಲ್ಲಿಯವರೂ ತಳ್ಳುತ್ತಾರೆ.

5. ನಂಬರಿನ ದಾರಿ

ದಾರಿ ತಪ್ಪದಿರಲು ಅಲ್ಲಿ ಒಂದು ಸುಲಭ ಉಪಾಯವಿದೆ. ದಾರಿಗಳು ಕೂಡುವ ಕಡೆಗೆಲ್ಲ ನಂಬರಿನ ಹಲಗೆ ನೆಟ್ಟಿರುತ್ತಾರೆ. 12, 47, 33 ಎಂದು ಚೀಟಿಯಲ್ಲಿ ಬರೆದುಕೊಂಡು ಹೊರಟರೆ ಸಾಕು. ಇದು ಮೊದಲು ಶುರುವಾದದ್ದು 1995ರಲ್ಲಿ, ಪಕ್ಕದ ಬೆಲ್ಜಿಯಂ ದೇಶದ ಲಿಂಬರ್ಗಿನಲ್ಲಿ. ಯೋಚನೆ ಮಾಡಿದವರು ಹ್ಯೂಗೊ ಬೊಲ್ಲನ್ ಎಂಬ ಗಣಿ ಎಂಜಿನಿಯರ್.

ಇದರಿಂದ ಇನ್ನೊಂದು ಲಾಭವೂ ಉಂಟು. ಎಲ್ಲರೂ ಒಂದೇ ಜಾಡಿನಲ್ಲಿ ಹೋಗುತ್ತಾರೆ. ಆ ಬಯಲಿನಲ್ಲಿ ನೆಲದ ಮೇಲೆಯೇ ಮೊಟ್ಟೆಯಿಡುವ, ಇರುಳು ಹಾರಾಡುವ ಹಕ್ಕಿ ಇದೆ. ಬಿಸಿ ಮರಳಿನಲ್ಲಿ ಮೊಟ್ಟೆ ಹೂಳುವ ಹಲ್ಲಿಜಾತಿಯ ಪ್ರಾಣಿಯಿದೆ. ಜಾಡು ಬಿಟ್ಟ ಒಂದು ಚಕ್ರ ಸಾಕು ಅವು ಹಾಳಾಗಲು.

6. ನಮ್ಮ ತಲಕಾಡು

ಇಷ್ಟು ಓದಿದಾಗ ನಿಮಗೂ ತಲಕಾಡು ನೆನಪಾಗಿರಬೇಕು. ಅದೂ ಹೊಳೆಯ ಮರಳುದಿಬ್ಬವೇ. ಕಾವೇರಿ ತಿರುಗುವ ಕಡೆ ಮರಳು ಬೀಳುತ್ತದೆ, ಮುಂಗಾರಿನ ನೈಋತ್ಯ ಗಾಳಿ ಅದನ್ನು ದಂಡೆಗೆ ಹೊಡೆಯುತ್ತದೆ. ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಕೀರ್ತಿನಾರಾಯಣ ಗುಡಿಯೂ ಮರಳಲ್ಲಿ ಹೂತಿತ್ತು. ಹಿರಿಯರು ಇದಕ್ಕೆ ಅಲಮೇಲಮ್ಮನ ಶಾಪದ ಕಥೆ ಹೇಳುತ್ತಾರೆ. ವಿಜಯನಗರದ ಕಾಲದ ಮಾಧವಮಂತ್ರಿ ಕಟ್ಟೆಯಿಂದ ನೀರು ಕಡಿಮೆಯಾಗಿ ಮರಳು ಬಯಲಾಯಿತು ಎಂದು ವಿಜ್ಞಾನಿ ಕೆ.ಎನ್. ಗಣೇಶಯ್ಯನವರು ವಾದಿಸಿದ್ದಾರೆ. ಕಥೆಯನ್ನೂ ಕೇಳೋಣ, ಕಾರಣವನ್ನೂ ಹುಡುಕೋಣ.

ನಮ್ಮ ಶಾಲೆಯ ದಾರಿಗೆ ಬರೋಣ. ಟಾರು ರಸ್ತೆಯಲ್ಲಿ ಬಂದರೆ ಏಳು ಕಿಲೋಮೀಟರ್, ಮರಳು ದಾರಿಯಲ್ಲಿ ಮೂರು. ಅದಿಲ್ಲದಿದ್ದರೆ ನಮ್ಮ ಕೇರಿಯ ಹುಡುಗಿಯರಲ್ಲಿ ಕೆಲವರನ್ನು ಮನೆಯಲ್ಲಿ ಹೈಸ್ಕೂಲಿಗೆ ಕಳಿಸುತ್ತಲೇ ಇರಲಿಲ್ಲ. ಆದರೆ ಈಗ ಅಲ್ಲಿ ಒಂದು ದಾರಿಯಲ್ಲ, ಐದಾರು ಜಾಡು ಬಿದ್ದಿವೆ. ಪ್ರತಿ ಜಾಡಿನಲ್ಲೂ ಹುಲ್ಲು, ಬಳ್ಳಿ ಸತ್ತಿದೆ. ಆಷಾಢದ ಗಾಳಿಗೆ ಮರಳು ಎದ್ದು ನಮ್ಮ ದೊಡ್ಡಪ್ಪನ ಗದ್ದೆ ಬದುವಿನ ತನಕ ಬಂದಿದೆ. ಗದ್ದೆಯವರು ಬೇಲಿ ಹಾಕಿಬಿಟ್ಟರೆ ನಮ್ಮ ದಾರಿಯೇ ಮುಚ್ಚುತ್ತದೆ. ಆದ್ದರಿಂದ ಒಂದೇ ಜಾಡು ಇಟ್ಟುಕೊಳ್ಳೋಣ. ಮಿಕ್ಕವುಗಳಿಗೆ ಮುಳ್ಳು ಹಾಕಿ ಹುಲ್ಲು ಬೆಳೆಯಲು ಬಿಡೋಣ. ತಿರುವುಗಳಲ್ಲಿ ಸುಣ್ಣದಲ್ಲಿ ನಂಬರ್ ಬರೆದ ಕಲ್ಲು ನೆಡೋಣ. ಶನಿವಾರ ಶಾಲೆ ಬಿಟ್ಟ ಮೇಲೆ ಬರುವವರು ನನಗೆ ಹೆಸರು ಕೊಡಿ. ಗುರುಗಳೂ ಜೊತೆಗೆ ಬರಬೇಕೆಂದು ಕೇಳಿಕೊಳ್ಳುತ್ತೇನೆ.

ಮಾಡಿ ನೋಡಿ: ಹೊಳೆ ಪಾತ್ರದ ಒಂದು ಹಿಡಿ, ದಿಬ್ಬದ ಒಂದು ಹಿಡಿ ಮರಳು ಒಣಗಿಸಿ ಟೀ ಸೋಸುವ ಜರಡಿಯಲ್ಲಿ ಸೋಸಿ. ಯಾವುದರಲ್ಲಿ ದಪ್ಪ ಕಲ್ಲು ಹೆಚ್ಚು ಉಳಿಯಿತು? ಯಾಕೆ?

ಪ್ರಶ್ನೆಗಳು:
1. ನಿಮ್ಮ ತೂಕ, ಸೈಕಲ್ ತೂಕ ಸೇರಿಸಿ 40 ಪೌಂಡ್ ಗಾಳಿಗೆ ಟೈರು ಎಷ್ಟು ನೆಲ ಮುಟ್ಟುತ್ತದೆ ಲೆಕ್ಕ ಹಾಕಿ.
2. ಮಾಸ್ ದಿಬ್ಬಗಳು ಹೊಳೆಯ ಪೂರ್ವಕ್ಕೇ ಯಾಕಿವೆ?

ಉತ್ತರವನ್ನು ಹಾಳೆಯಲ್ಲಿ ಬರೆದು ಗೋಡೆಪತ್ರಿಕೆ ಪೆಟ್ಟಿಗೆಗೆ ಹಾಕಿ. ಸರಿ ಉತ್ತರ ಬರೆದವರ ಹೆಸರು ಮುಂದಿನ ಸಂಚಿಕೆಯಲ್ಲಿ.

— 9ನೇ ತರಗತಿ ವಿದ್ಯಾರ್ಥಿನಿ