ಗಂಡನ ಪತ್ತೆ ಇಲ್ಲದಿದ್ದರೆ

ಕಮಲಾಪುರದಿಂದ ಮುಂಬೈಗೆ ದುಡಿಯಲು ಹೋದ ಗಂಡನ ಸುಳಿವೇ ಇಲ್ಲವೇ ತಂಗಿ? ಏಳು ವರ್ಷ ಕಾಯಲೇಬೇಕೆಂಬ ಮಾತು ನಂಬಬೇಡ. ಆ ಏಳು ವರ್ಷದ ನಿಯಮ ಗಂಡ ಬದುಕಿರುವ ಸುದ್ದಿಯೇ ಇಲ್ಲವೆಂಬ ಕಾರಣಕ್ಕೆ ವಿಚ್ಛೇದನ ಕೇಳುವವರಿಗೆ. ಕಾರಣವಿಲ್ಲದೆ ಬಿಟ್ಟುಹೋಗಿ ಎರಡು ವರ್ಷವಾದರೆ 1955ರ ಹಿಂದೂ ವಿವಾಹ ಕಾಯ್ದೆಯಡಿ ವಿಚ್ಛೇದನ ಕೇಳಬಹುದು, ಅದೂ ನೀನಿರುವ ಕಡೆಯ ಕೋರ್ಟಿನಲ್ಲೇ.

ಆದರೆ ಹುಡುಕಿದ್ದಕ್ಕೆ ಪುರಾವೆ ಬೇಕು: ವಾಪಸ್ ಬಂದ ರಿಜಿಸ್ಟರ್ಡ್ ಲಕೋಟೆ, ಠಾಣೆಗೆ ಕೊಟ್ಟ ದೂರಿನ ಪ್ರತಿ. ಲಕೋಟೆಯ ಮೇಲಿನ ಅಂಚೆಯವರ ಷರಾ ಅಳಿಸದಂತೆ ಜೋಪಾನ ಮಾಡು. ಇವನ್ನು ನೋಡಿ ಕೋರ್ಟು ಅವನ ಕೊನೆಯ ಮನೆಗೆ ನೋಟಿಸ್ ಅಂಟಿಸಲು ಇಲ್ಲವೇ ಪತ್ರಿಕೆಯಲ್ಲಿ ಪ್ರಕಟಿಸಲು ಹೇಳಬಹುದು. ಆಗಲೂ ಬಾರದಿದ್ದರೆ ಏಕಪಕ್ಷೀಯ ವಿಚಾರಣೆ. ವಿಳಾಸ ಗೊತ್ತಿದ್ದೂ ಮುಚ್ಚಿಟ್ಟರೆ ಮುಂದೆ ಡಿಕ್ರಿಯೇ ರದ್ದಾದೀತು, ದಯವಿಟ್ಟು ಬೇಡ.

ಫೀಸಿನ ಚಿಂತೆಯೇ? ಕಲಬುರಗಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗು. ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ.