ನಾಯಿಗಳ ಒಣಚರ್ಮವೂ ತುರಿಕೆಯೂ: ಕಾರಣಗಳು ಮತ್ತು ಪರಿಹಾರಕ್ರಮ

ರೈತನ ಸಂಪತ್ತನ್ನು ಲೆಕ್ಕಹಾಕುವಾಗ ಎತ್ತು, ಎಮ್ಮೆ, ಕುರಿಗಳನ್ನು ಎಣಿಸುವವರುಂಟು; ನಾಯಿಯನ್ನು ಎಣಿಸುವವರು ಅಪೂರ್ವ. ಆದರೂ ರಾತ್ರಿಕಾಲದಲ್ಲಿ ಕಣವನ್ನು ಕಾಯುವುದೂ, ಕುರಿಹಟ್ಟಿಯ ಬಳಿ ತೋಳವೋ ಚಿರತೆಯೋ ಸುಳಿದರೆ ಎಚ್ಚರಿಸುವುದೂ, ಹೊಲಕ್ಕೆ ನುಗ್ಗುವ ಹಂದಿಗಳನ್ನು ಅಟ್ಟುವುದೂ ಈ ಪ್ರಾಣಿಯೇ. ಇಂತಹ ನಾಯಿಯು ಹಗಲಿರುಳೂ ಮೈ ಕೆರೆದುಕೊಳ್ಳುತ್ತ, ಕೂದಲುದುರಿ, ಚರ್ಮವು ಒಣಗಿ ಹೊಟ್ಟೇಳುತ್ತಿದ್ದರೂ, ನಾಯಿಗೆ ಕಜ್ಜಿ ಸಹಜವೆಂದು ಸುಮ್ಮನಿರುವವರೇ ಹೆಚ್ಚು. ನಿದ್ರೆಗೆಟ್ಟು ಬಡವಾದ ನಾಯಿಯು ಕಾವಲಿಗೆ ಒದಗದು. ಇದಕ್ಕಿಂತಲೂ ಕೇಡಿನ ಸಂಗತಿಯೇನೆಂದರೆ, ಬೇಸತ್ತ ಯಜಮಾನನು ಬೆಳೆಗೆ ಹೊಡೆಯುವ ವಿಷವನ್ನೇ ನಾಯಿಯ ಮೈಗೆ ಸುರಿದು, ಕಜ್ಜಿಯೊಂದಿಗೆ ನಾಯಿಯನ್ನೂ ಕಳೆದುಕೊಳ್ಳುವುದುಂಟು. ಆದಕಾರಣ ಈ ವಿಷಯವನ್ನು ಗ್ರಾಮದ ಹಿರಿಯರೂ ಜಮೀನುದಾರರೂ ಚೆನ್ನಾಗಿ ತಿಳಿದಿರುವುದು ಆವಶ್ಯಕ.

ತುರಿಕೆಯ ಕಾರಣಗಳು

ತುರಿಕೆಯೆಂಬುದು ಒಂದೇ ರೋಗವಲ್ಲ. ಹಲವು ರೋಗಗಳಿಗೆ ಸಾಮಾನ್ಯವಾದ ಲಕ್ಷಣ. ಕಾರಣವನ್ನು ತಿಳಿಯದೆ ಮಾಡುವ ಚಿಕಿತ್ಸೆಯು ನಿಷ್ಫಲವಾಗುವುದು. ನಮ್ಮ ಗ್ರಾಮಗಳಲ್ಲಿ ಹೆಚ್ಚಾಗಿ ಕಂಡುಬರುವ ಕಾರಣಗಳು ಐದು.

1. ಚಿಗಟ. ಇದು ನಾಯಿಯ ರಕ್ತವನ್ನು ಹೀರುವ, ರೆಕ್ಕೆಯಿಲ್ಲದೆ ನೆಗೆಯುವ ಕೀಟ. ಸೊಂಟದ ಮೇಲೂ ಬಾಲದ ಬುಡದಲ್ಲಿಯೂ ನಾಯಿಯು ಹಲ್ಲಿನಿಂದ ಕಚ್ಚಿಕೊಂಡು ಕೂದಲನ್ನು ಕಿತ್ತುಕೊಂಡಿದ್ದರೆ ಮೊದಲು ಚಿಗಟವನ್ನು ಸಂಶಯಿಸಬೇಕು. ಹೆಣ್ಣು ಚಿಗಟವು ದಿನಕ್ಕೆ 40ರಿಂದ 50 ಮೊಟ್ಟೆಗಳನ್ನು ಇಡಬಲ್ಲದು. ಆ ಮೊಟ್ಟೆಗಳು ನಾಯಿಯ ಮೈಮೇಲೆ ನಿಲ್ಲದೆ ಅದು ಮಲಗುವ ಗೋಣಿ, ಹುಲ್ಲು, ಧೂಳುಗಳಲ್ಲಿ ಉದುರಿ ಅಲ್ಲಿಯೇ ಮರಿಯಾಗುವುವು. ಗೂಡು ಕಟ್ಟಿದ ಮರಿಗಳು ಅನುಕೂಲ ಕಾಲಕ್ಕಾಗಿ ತಿಂಗಳುಗಟ್ಟಲೆ ಕಾದಿರಬಲ್ಲವು. ಕೆಲವು ನಾಯಿಗಳಿಗೆ ಚಿಗಟದ ಜೊಲ್ಲು ಒಗ್ಗದಿರುವುದರಿಂದ ನಾಲ್ಕಾರು ಕಡಿತಗಳಿಂದಲೇ ಮೈಯೆಲ್ಲಾ ತುರಿಕೆಯಾಗುವುದು.

2. ಕಜ್ಜಿನುಸಿ. ಬರಿಗಣ್ಣಿಗೆ ತೋರದಷ್ಟು ಸಣ್ಣದಾದ ಈ ನುಸಿಯು ಚರ್ಮದೊಳಗೆ ಸುರಂಗ ಕೊರೆದು ಮೊಟ್ಟೆಯಿಡುವುದು. ಮೊಟ್ಟೆಯಿಂದ ಬಲಿತ ನುಸಿಯಾಗಲು ಸುಮಾರು ಮೂರು ವಾರ ಹಿಡಿಯುವುದು. ಕಿವಿಯ ಅಂಚು, ಮೊಣಕೈ, ಹಿಂಗಾಲಿನ ಕೀಲು, ಹೊಟ್ಟೆ ಇವುಗಳಲ್ಲಿ ಮೊದಲು ಕೆಂಪಾಗಿ ಬಳಿಕ ಹಕ್ಕಳೆಗಟ್ಟುವುದು. ತುರಿಕೆಯು ಅತಿ ತೀವ್ರ. ಇದು ಒಂದು ನಾಯಿಯಿಂದ ಮತ್ತೊಂದಕ್ಕೆ ಬೇಗನೆ ಅಂಟುವುದಲ್ಲದೆ, ನಾಯಿಯೊಡನೆ ಮಲಗುವ ಮಕ್ಕಳ ತೋಳು ಹೊಟ್ಟೆಗಳ ಮೇಲೂ ಕೆಂಪು ಗುಳ್ಳೆಗಳನ್ನು ಎಬ್ಬಿಸುವುದು. ಆದರೆ ಈ ಜಾತಿಯ ನುಸಿ ಮನುಷ್ಯರ ಮೈಯಲ್ಲಿ ವಂಶ ಬೆಳೆಸಲಾರದು. ನಾಯಿಯು ಗುಣವಾದ ಮೇಲೆ ಗುಳ್ಳೆಗಳೂ ಅಡಗುವುವು.

3. ಕೂದಲ ಬುಡದ ನುಸಿ. ಇದು ತಾಯಿಯಿಂದ ಮರಿಗೆ ಹುಟ್ಟಿದ ಕೆಲವೇ ದಿನಗಳಲ್ಲಿ ಬರುವುದು. ಬಹುಪಾಲು ನಾಯಿಗಳಲ್ಲಿ ಯಾವ ತೊಂದರೆಯನ್ನೂ ಮಾಡದು. ಶಕ್ತಿಗುಂದಿದವುಗಳಲ್ಲಿ ಮಾತ್ರ ಹೆಚ್ಚಿ, ಕಣ್ಣು ಬಾಯಿಗಳ ಸುತ್ತಲೂ ಮುಂಗಾಲುಗಳ ಮೇಲೂ ಬಿಲ್ಲೆಬಿಲ್ಲೆಯಾಗಿ ಕೂದಲುದುರುವುದು. ಮೊದಮೊದಲು ತುರಿಕೆ ಅಲ್ಪ. ಇದು ಇತರ ನಾಯಿಗಳಿಗಾಗಲಿ ಮನುಷ್ಯರಿಗಾಗಲಿ ಅಂಟತಕ್ಕದ್ದಲ್ಲ.

4. ಉಣ್ಣೆ. ಕಿವಿಯೊಳಗೂ ಬೆರಳ ಸಂದುಗಳಲ್ಲಿಯೂ ಕಚ್ಚಿ ಹಿಡಿದಿರುವುದು. ರಕ್ತ ಕುಡಿದು ಉಬ್ಬಿದ ಹೆಣ್ಣು ಉಣ್ಣೆ ಕೆಳಗೆ ಬಿದ್ದು ಗೋಡೆಯ ಬಿರುಕುಗಳಲ್ಲಿ ಸಾವಿರಾರು ಮೊಟ್ಟೆಗಳನ್ನಿಡುವುದು. ತುರಿಕೆಗಿಂತಲೂ, ಉಣ್ಣೆಯಿಂದ ಹರಡುವ ಜ್ವರವೇ ಹೆಚ್ಚು ಭಯಂಕರ. ನಾಯಿಯು ಮೇವು ಬಿಟ್ಟು, ಒಸಡು ಬಿಳಿಚಿ, ಮೂಗಿನಲ್ಲಿ ರಕ್ತ ಬಂದರೆ ತಡಮಾಡಲಾಗದು.

5. ಆಹಾರದೋಷ ಮತ್ತು ಅತಿಸ್ನಾನ. ಹುಳುವೇ ಇಲ್ಲದೆ ಚರ್ಮವು ಒಣಗಿ ಬಿಳಿಯ ಹೊಟ್ಟು ಉದುರುತ್ತಿದ್ದರೆ ಇದನ್ನು ವಿಚಾರಿಸಬೇಕು. ವರ್ಷವೆಲ್ಲಾ ಬರಿಯ ಮುದ್ದೆ, ಅಂಬಲಿ, ಅನ್ನಗಳಿಂದ ಬೆಳೆದ ನಾಯಿಗೆ ಮಾಂಸಕಾರಕ ಅಂಶವೂ, ಚರ್ಮಕ್ಕೆ ಬೇಕಾದ ಕೊಬ್ಬಿನಂಶವೂ ಸಾಲದು. ಧಾನ್ಯದ ಹೊಟ್ಟಿನಲ್ಲಿರುವ ಒಂದು ಪದಾರ್ಥವು ಸತುವಿನ ಅಂಶವನ್ನು ಮೈಗೆ ಹತ್ತಗೊಡದು. ನಾಯಿಯ ಚರ್ಮವು ಮನುಷ್ಯರದಕ್ಕಿಂತ ತೆಳುವಾದುದರಿಂದ ಬಟ್ಟೆ ಸೋಪು ಮೈ ಸೋಪುಗಳು ಅದರ ಸಹಜವಾದ ಜಿಡ್ಡನ್ನು ತೊಳೆದುಬಿಡುವುವು. ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿಗಳಂತೆ ಗಿಡ್ಡ ಕೂದಲೂ ತೆಳುಮೈಯೂ ಉಳ್ಳವುಗಳನ್ನು ಗಟ್ಟಿನೆಲದ ಮೇಲೆ ಮಲಗಿಸಿದರೆ ಮೊಣಕೈಗಳು ಒರಟಾಗಿ ಜಡ್ಡುಗಟ್ಟುವುದೂ ಉಂಟು.

ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆ

ನಾಯಿಯ ಕೂದಲನ್ನು ಬಾಚಿ, ಉದುರಿದ ಕರಿಯ ಪುಡಿಯನ್ನು ಒದ್ದೆಯಾದ ಬಿಳಿಯ ಬಟ್ಟೆಯ ಮೇಲೆ ಹಾಕಬೇಕು. ಪುಡಿಯ ಸುತ್ತ ಕೆಂಪು ಬಣ್ಣವು ಹರಡಿದರೆ ಅದು ಚಿಗಟದ ಮಲ, ಅಂದರೆ ಜೀರ್ಣವಾದ ರಕ್ತ. ಹರಡದಿದ್ದರೆ ಬರಿಯ ಮಣ್ಣು. ಕಿವಿಯ ಅಂಚನ್ನು ಬೆರಳುಗಳ ನಡುವೆ ಮೆಲ್ಲನೆ ಉಜ್ಜಿದಾಗ ನಾಯಿಯು ಹಿಂಗಾಲಿನಿಂದ ಕೆರೆಯಲು ತೊಡಗಿದರೆ ಕಜ್ಜಿನುಸಿಯ ಸಂಶಯವು ಬಲವಾಗುವುದು. ನಿಶ್ಚಯ ಮಾಡಲು ಪಶುವೈದ್ಯರು ಚರ್ಮವನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು.

ಪರಿಹಾರಕ್ರಮ

ತುರಿಕೆಯನ್ನು ತತ್ಕಾಲಕ್ಕೆ ಶಮನಗೊಳಿಸಲು ತಣ್ಣೀರಿನಲ್ಲಿ ಹತ್ತು ನಿಮಿಷ ಮೈ ತೋಯಿಸಿ, ನಾಯಿಗಳಿಗೆಂದೇ ತಯಾರಾದ ಮೃದುವಾದ ಶಾಂಪುವಿನಿಂದ ತೊಳೆದು, ನೊರೆಯು ಲೇಶವೂ ಉಳಿಯದಂತೆ ಜಾಲಿಸಿ, ನೆರಳಿನಲ್ಲಿ ಒಣಗಿಸಬೇಕು. ವೈದ್ಯರು ಹೇಳಿದ ಹೊರತು ವಾರಕ್ಕೆ ಒಂದು ಸಲಕ್ಕಿಂತ ಹೆಚ್ಚು ಸ್ನಾನ ಬೇಡ. ಒಣಗಿ ಬಿರಿದ ಭಾಗಕ್ಕೆ ಕೊಬ್ಬರಿ ಎಣ್ಣೆಯನ್ನು ತೆಳುವಾಗಿ ಸವರಬಹುದು.

ಆಹಾರದಲ್ಲಿ ಬೇಯಿಸಿದ ಮೊಟ್ಟೆ, ಮೀನು ಅಥವಾ ಮಾಂಸವನ್ನು ಸೇರಿಸುವುದು ಉತ್ತಮ. ಸಸ್ಯಾಹಾರಿಗಳ ಮನೆಯಲ್ಲಿ ಚೆನ್ನಾಗಿ ಬೆಂದ ಬೇಳೆಯನ್ನೂ ಮೊಸರನ್ನೂ ಕೊಡಬಹುದು. ಹತ್ತು ಹದಿನೈದು ಕಿಲೋ ತೂಕದ ನಾಯಿಗೆ ದಿನಕ್ಕೆ ಒಂದು ಸಣ್ಣ ಚಮಚ ಕುಸುಬೆ ಅಥವಾ ಸೂರ್ಯಕಾಂತಿ ಎಣ್ಣೆಯನ್ನು ಅನ್ನದಲ್ಲಿ ಕಲಸಿ ಹಾಕಿದರೆ ಆರರಿಂದ ಎಂಟು ವಾರಗಳಲ್ಲಿ ಕೂದಲು ಹೊಳಪುಗೂಡುವುದು. ಈರುಳ್ಳಿ ಬೆರೆತ ಸಾರನ್ನು ಹಾಕಕೂಡದು. ಈರುಳ್ಳಿಯು ನಾಯಿಯ ರಕ್ತವನ್ನು ಕೆಡಿಸುವುದು.

ಚಿಗಟ, ಉಣ್ಣೆ, ಕಜ್ಜಿನುಸಿಗಳಿಗೆ ಈಗ ಬಾಯಿಯ ಮೂಲಕ ಕೊಡುವ ಗುಳಿಗೆಗಳೂ, ಬೆನ್ನಿಗೆ ಹನಿಸುವ ಔಷಧಗಳೂ ದೊರೆಯುತ್ತವೆ. ನಾಯಿಯನ್ನು ತೂಗಿ, ವೈದ್ಯರು ಹೇಳಿದ ಪ್ರಮಾಣದಲ್ಲಿಯೇ ಅವುಗಳನ್ನು ಉಪಯೋಗಿಸತಕ್ಕದ್ದು. ಕಜ್ಜಿನುಸಿಗೆ ಒಂದೇ ಸಲದ ಚಿಕಿತ್ಸೆಯು ಬಹಳ ಸಲ ಸಾಲದು. ಮೊಟ್ಟೆಗಳಿಂದ ಹೊಸ ನುಸಿಗಳು ಹುಟ್ಟುವುದರಿಂದ, ತುರಿಕೆಯು ನಿಂತಂತೆ ಕಂಡರೂ ಹೇಳಿದ ಅವಧಿಯನ್ನು ಪೂರೈಸಬೇಕು. ಜೊತೆಯಲ್ಲಿರುವ ಎಲ್ಲ ನಾಯಿಗಳಿಗೂ ಒಟ್ಟಿಗೆ ಚಿಕಿತ್ಸೆ ಮಾಡಿಸಬೇಕು. ಮಲಗುವ ಗೋಣಿಯನ್ನು ಕುದಿನೀರಿನಲ್ಲಿ ಅದ್ದಿ ಬಿಸಿಲಿಗೆ ಹಾಕಿ, ಹಳೆಯ ಹುಲ್ಲನ್ನು ಸುಟ್ಟು, ಗೋಡೆಯ ಬಿರುಕುಗಳನ್ನು ಮುಚ್ಚಬೇಕು. ಉಣ್ಣೆಯನ್ನು ಚಿಮಟದಿಂದ ಚರ್ಮಕ್ಕೆ ಹತ್ತಿರವಾಗಿ ಹಿಡಿದು ನೇರವಾಗಿ ಎಳೆಯಬೇಕು, ಬೆರಳಿನಿಂದ ಹಿಸುಕಬಾರದು.

ಮಾಡಬಾರದ ಕಾರ್ಯಗಳು

ಯಂತ್ರಗಳಿಂದ ತೆಗೆದ ಹಳೆಯ ಎಣ್ಣೆ, ಸೀಮೆಎಣ್ಣೆ, ಫಿನಾಯಿಲು ಇವುಗಳನ್ನು ಹಚ್ಚುವ ರೂಢಿಯಿದೆ. ಹಳೆಯ ಎಣ್ಣೆಯ ಜಿಡ್ಡಿನಿಂದ ಕೆಲವು ನುಸಿಗಳು ಉಸಿರುಗಟ್ಟಿ ಸಾಯಬಹುದಾದುದರಿಂದ ಅದು ಗುಣಕಾರಿಯೆಂಬ ಭ್ರಮೆಯುಂಟಾಗಿದೆ. ಆದರೆ ನಾಯಿಯು ಮೈಯನ್ನು ನೆಕ್ಕುವ ಪ್ರಾಣಿ. ಹಚ್ಚಿದ್ದೆಲ್ಲವೂ ಹೊಟ್ಟೆಗೆ ಸೇರಿ ಪಿತ್ತಕೋಶ ಮೂತ್ರಪಿಂಡಗಳನ್ನು ಕೆಡಿಸುವುದು. ಹಿಂದೆ ಧಾರಾಳವಾಗಿ ಬಳಸುತ್ತಿದ್ದ ಬಿ.ಎಚ್.ಸಿ. ಪುಡಿಯು ನಮ್ಮ ದೇಶದಲ್ಲಿ 1997ರಲ್ಲಿಯೇ ನಿಷೇಧಿಸಲ್ಪಟ್ಟಿದೆ.

ಬೆಳೆಯ ಕೀಟನಾಶಕಗಳಂತೂ ಸಾಕ್ಷಾತ್ ವಿಷ. ಅವು ಚರ್ಮದ ಮೂಲಕವೇ ರಕ್ತಕ್ಕೆ ಇಳಿಯುವುವು. ಜೊಲ್ಲು ಸುರಿಯುವುದು, ಕಣ್ಣಿನ ಪಾಪೆ ಕಿರಿದಾಗುವುದು, ಮೈ ನಡುಗುವುದು, ಉಸಿರು ಕಟ್ಟುವುದು ಇವು ವಿಷವೇರಿದ ಲಕ್ಷಣಗಳು. ಅಂತಹ ಸಮಯದಲ್ಲಿ ಕೈಗೆ ರಬ್ಬರಿನ ಚೀಲ ತೊಟ್ಟು, ಸೋಪು ನೀರಿನಿಂದ ನಾಯಿಯ ಮೈಯನ್ನು ಧಾರಾಳವಾಗಿ ತೊಳೆದು, ಔಷಧದ ಡಬ್ಬಿಯನ್ನೂ ತೆಗೆದುಕೊಂಡು ಕೂಡಲೆ ಪಶುವೈದ್ಯರಲ್ಲಿಗೆ ಹೋಗಬೇಕು. ಯಾವ ಬಗೆಯ ವಿಷವೆಂದು ತಿಳಿದರೆ ಅದಕ್ಕೆ ತಕ್ಕ ಪ್ರತಿಔಷಧವನ್ನು ಅವರು ಕೊಡಬಲ್ಲರು.

ದನಗಳಿಗೆ ಚುಚ್ಚುವ ಐವರ್‌ಮೆಕ್ಟಿನ್ ಔಷಧವನ್ನು ಅಂದಾಜಿನ ಮೇಲೆ ನಾಯಿಗೆ ಕೊಡುವುದೂ ಅಪಾಯಕರ. ಶೇಕಡ 1ರ ಆ ದ್ರಾವಣದಲ್ಲಿ ಒಂದು ಮಿಲಿಲೀಟರು 50 ಕಿಲೋ ತೂಕದ ದನಕ್ಕೆ ಸಾಕಾದ ಪ್ರಮಾಣ. ಸಣ್ಣ ನಾಯಿಗೆ ಕೆಲವು ಹನಿಗಳ ವ್ಯತ್ಯಾಸವೇ ಮಿತಿಮೀರಬಹುದು. ಎಳೆಯ ಮರಿಗಳಿಗೂ, ಕೋಲಿ ಮುಂತಾದ ಕೆಲವು ತಳಿಗಳಿಗೂ ಅದು ಪ್ರಾಣಾಂತಿಕವಾಗಬಲ್ಲದು.

ಗ್ರಾಮದ ಹಿರಿಯರ ಕರ್ತವ್ಯ

ಒಬ್ಬನ ನಾಯಿ ಗುಣವಾಗಿ ನೆರೆಯವನ ನಾಯಿ ಕಜ್ಜಿಯಿಂದ ನರಳುತ್ತಿದ್ದರೆ ರೋಗವು ಮರಳಿ ಬರುವುದು ನಿಶ್ಚಯ. ಆದಕಾರಣ ಪಶುವೈದ್ಯರೊಡನೆ ಮಾತನಾಡಿ, ಒಂದು ದಿನವನ್ನು ಗೊತ್ತುಮಾಡಿ, ಊರಿನ ನಾಯಿಗಳನ್ನೆಲ್ಲಾ ಒಂದೆಡೆಗೆ ತರಿಸಿ ಚಿಕಿತ್ಸೆ ಮಾಡಿಸುವುದು ಶ್ರೇಯಸ್ಕರ. ಅದೇ ದಿನ ಹುಚ್ಚುನಾಯಿ ರೋಗದ ಲಸಿಕೆಯನ್ನೂ ಹಾಕಿಸಿದರೆ ಊರಿಗೆ ಎರಡು ಬಗೆಯ ರಕ್ಷಣೆ ದೊರೆತಂತಾಗುವುದು. ಕಜ್ಜಿ ಹಿಡಿದ ಬೀದಿನಾಯಿಗಳಿಗೆ ವಿಷವಿಟ್ಟು ಕೊಲ್ಲುವುದು 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯ ಮೇರೆಗೆ ಅಪರಾಧ. ಆ ವಿಷದ ತುತ್ತು ಮನೆಯ ಕಾವಲು ನಾಯಿಗೂ ಸಿಕ್ಕಬಹುದೆಂಬುದನ್ನು ಮರೆಯಲಾಗದು.

ಸಾರಾಂಶವಿಷ್ಟೆ: ಮೊದಲು ಕಾರಣವನ್ನು ತಿಳಿಯಬೇಕು, ಮೈಯೊಡನೆ ಮಲಗುವ ಸ್ಥಳವನ್ನೂ ಶುದ್ಧಿಮಾಡಬೇಕು, ಆಹಾರವನ್ನು ಸರಿಪಡಿಸಬೇಕು, ಬೆಳೆಯ ವಿಷವನ್ನು ಬೆಳೆಗೆ ಮಾತ್ರ ಬಿಡಬೇಕು.