ಕಲಬುರಗಿಯ ಬಿಸಿಲು, ಮನೆಯ ಮಾಳಿಗೆ ಮತ್ತು ವಿದ್ಯುತ್ ಬಿಲ್ಲು

ಕಲಬುರಗಿ, ರಾಯಚೂರು ಸೀಮೆಯಲ್ಲಿ ಏಪ್ರಿಲ್-ಮೇ ತಿಂಗಳುಗಳ ಮಧ್ಯಾಹ್ನದ ಉಷ್ಣಾಂಶ 40 ಡಿಗ್ರಿ ದಾಟುವುದು ಸಾಮಾನ್ಯವಾದರೂ, ಆರ್‌ಸಿಸಿ ಮನೆಗಳಲ್ಲಿ ಬೇಸಿಗೆ ಕಳೆದವರನ್ನು ಹೆಚ್ಚು ದಣಿಸುವುದು ಹಗಲಲ್ಲ, ರಾತ್ರಿ. ಬಿಸಿಲಿಗೆ ಕಾದ ಕಾಂಕ್ರೀಟ್ ಚಾವಣಿಯು ತಾನು ಹೀರಿದ ಶಾಖವನ್ನು ಕೆಲವು ತಾಸುಗಳ ಬಳಿಕ ಒಳಗೆ ಬಿಡತೊಡಗುತ್ತದೆ. ಉಷ್ಣ ವಿಳಂಬ ಎನ್ನಬಹುದಾದ ಈ ಗುಣದಿಂದಾಗಿ ಹೊರಗೆ ಗಾಳಿ ತಂಪಾದ ಮೇಲೂ ಮಲಗುವ ಕೋಣೆ ಕುದಿಯುತ್ತಲೇ ಇರುತ್ತದೆ. ಹಳೆಯ ಮಾಳಿಗೆ ಮನೆಗಳಲ್ಲಿ ದಪ್ಪ ಗೋಡೆಯೂ ಮೇಲಿನ ಮಣ್ಣಿನ ಹೊದಿಕೆಯೂ ಈ ಶಾಖವನ್ನು ಇನ್ನಷ್ಟು ಹೊತ್ತು ತಡೆಯುತ್ತಿದ್ದವು, ಇಳಿಯುವ ಶಾಖದ ಪ್ರಮಾಣವನ್ನೂ ತಗ್ಗಿಸುತ್ತಿದ್ದವು.

ಆದ್ದರಿಂದ ಯಂತ್ರ ಕೊಳ್ಳುವ ಮೊದಲು ಮಾಳಿಗೆಗೆ ಹಣ ಹಾಕುವುದೇ ವಿವೇಕವೆಂಬುದು ಇಲ್ಲಿನ ಬೇಸಿಗೆಗಳು ಕಲಿಸುವ ಮುಖ್ಯ ಪಾಠವಾಗಿದೆ. ಅಂಟು ಬೆರೆಸಿದ ಸುಣ್ಣವನ್ನು ಮಾರ್ಚ್‌ನಲ್ಲಿ ಬಳಿದರೆ ಬಿಸಿಲಿನ ಬಹುಪಾಲು ಮರಳಿ ಆಕಾಶಕ್ಕೆ ಚಿಮ್ಮುತ್ತದೆ; ಮಳೆಗೆ ಸುಣ್ಣ ತೊಳೆದುಹೋಗುವುದರಿಂದ ಪ್ರತಿವರ್ಷ ಬಳಿಯಬೇಕಾಗುತ್ತದೆ, ಧೂಳು ಕೂತರೆ ಬಿಳುಪಿನ ಪ್ರಯೋಜನವೂ ಕುಗ್ಗುತ್ತದೆ. ಬಿಳಿ ಟೈಲ್ಸ್ ಚೂರುಗಳನ್ನು ಹಾಸುವುದು ದುಬಾರಿ, ಆದರೆ ಬಹುಕಾಲ ಬಾಳುತ್ತದೆ. ಸಂಜೆ ಮಾಳಿಗೆಗೆ ನೀರು ಸುರಿಯುವುದು ಫಲ ಕೊಡುವುದಾದರೂ, ಟ್ಯಾಂಕರ್‌ಗೆ ಕಾಯುವ ಬಡಾವಣೆಗಳಲ್ಲಿ ಅದನ್ನು ಸಮರ್ಥಿಸುವುದು ಕಷ್ಟ.

ಒಣ ಹವೆಯಲ್ಲಿ ನೀರಿನ ಕೂಲರ್ ಅತ್ಯಂತ ಮಿತವ್ಯಯದ ಸಾಧನ. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು ಮೂರನೇ ಎರಡು ಯೂನಿಟ್ ವಿದ್ಯುತ್ತಿಗೆ ಸಮನಾದ ಶಾಖವನ್ನು ಗಾಳಿಯಿಂದ ಹೀರುತ್ತದೆ. ಎದುರಿನ ಕಿಟಕಿಯನ್ನು ತೆರೆದಿಡದಿದ್ದರೆ ತೇವವು ಒಳಗೇ ನಿಂತು ತಂಪಿನ ಬದಲು ಸೆಕೆ ಹೆಚ್ಚುತ್ತದೆ. ಗಾಳಿಯೇ ತೇವವಾಗಿರುವ ಮಂಗಳೂರಿನಂಥ ಕರಾವಳಿಯಲ್ಲಿ ಕೂಲರ್ ಬಹುಮಟ್ಟಿಗೆ ನಿಷ್ಪ್ರಯೋಜಕವಾಗುವುದೂ ಇದೇ ಕಾರಣಕ್ಕೆ. ಫ್ಯಾನು ಗಾಳಿಯನ್ನು ತಂಪು ಮಾಡದೆ ಮೈಯ ಬೆವರನ್ನಷ್ಟೇ ಆರಿಸುವುದರಿಂದ ಜನರಿಲ್ಲದ ಕೋಣೆಯಲ್ಲಿ ಅದು ತಿರುಗುವುದು ವ್ಯರ್ಥ. ಸುಮಾರು 75 ವ್ಯಾಟಿನ ಹಳೆಯ ಫ್ಯಾನಿನ ಬದಲು 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನನ್ನು, ಅಂದರೆ ಕಾರ್ಬನ್ ಬ್ರಷ್ ಇಲ್ಲದ ಮೋಟರಿನದನ್ನು, ದಿನಕ್ಕೆ 16 ತಾಸು ಬಳಸಿದರೆ ತಿಂಗಳಿಗೆ 21 ಯೂನಿಟ್‌ಗಿಂತ ಹೆಚ್ಚು ಉಳಿಯುತ್ತದೆ. ತಿಂಗಳ ಬಳಕೆ 200 ಯೂನಿಟ್ ಮೀರಿದರೆ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ಲಾಭ ತಪ್ಪಿ ಪೂರ್ತಿ ಬಿಲ್ ಕಟ್ಟಬೇಕಾದ ರಾಜ್ಯದಲ್ಲಿ ಇದು ಸಣ್ಣ ಉಳಿತಾಯವಲ್ಲ.

ಎ.ಸಿ. ಅನಿವಾರ್ಯವಾದಲ್ಲಿ ಅದನ್ನು 18ಕ್ಕೆ ಇಳಿಸದೆ, ಭಾರತದಲ್ಲಿ 2020ರಿಂದ ಸ್ಟಾರ್ ಪಟ್ಟಿಯ ಎ.ಸಿ.ಗಳಿಗೆ ಆರಂಭಿಕ ಮಟ್ಟವಾಗಿರುವ 24 ಡಿಗ್ರಿ ಅಥವಾ ಅದಕ್ಕೂ ಮೇಲೆ ಇರಿಸಿ, ಜೊತೆಗೆ ಫ್ಯಾನ್ ಹಾಕುವುದು ಲೇಸು. ಒಂದೊಂದು ಡಿಗ್ರಿ ಏರಿಸಿದಾಗಲೂ ಸುಮಾರು ಶೇ. 6ರಷ್ಟು ವಿದ್ಯುತ್ ಉಳಿಯುತ್ತದೆಂದು ಇಂಧನ ದಕ್ಷತಾ ಬ್ಯೂರೋ ಹೇಳುತ್ತದೆ.

ಬಾಡಿಗೆದಾರರ ಪಾಡು ಮಾತ್ರ ಬೇರೆ. ಮಾಳಿಗೆ ಮಾಲೀಕನದು, ಬಿಲ್ ಬಾಡಿಗೆದಾರನದು ಆಗಿರುವಾಗ ಸುಣ್ಣ ಬಳಿಸುವ ಆಸಕ್ತಿ ಯಾರಿಗೂ ಹುಟ್ಟುವುದಿಲ್ಲ. ಮೇಲಂತಸ್ತಿನ ಒಂದೇ ಕೋಣೆಯಲ್ಲಿ ಎಳೆಯ ಮಕ್ಕಳೊಂದಿಗೆ ಬೇಸಿಗೆ ಕಳೆಯುವ ಕುಟುಂಬಗಳಿಗಾಗಿಯಾದರೂ ಈ ಖರ್ಚು ಯಾರದೆಂಬುದನ್ನು ಬಾಡಿಗೆ ಕರಾರಿನಲ್ಲಿಯೇ ಬರೆಯಬೇಕು.